ಹೀ-ಮ್ಯಾನ್ ಕತ್ತಿ ಒಂದು ಬದಿ ಯಾಕೆ ಚಪ್ಪಟೆ?

ಪ್ರಶ್ನೆ: ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹೀ-ಮ್ಯಾನ್ ಎಂಬ ಅಮೆರಿಕದ ಕಾರ್ಟೂನ್ ನೋಡಿ ಬೆಳೆದವನು ನಾನು. ಊರು ತೀರ್ಥಹಳ್ಳಿ. ಆಗ ನಮ್ಮ ಮನೆಯಲ್ಲಿ ಕಪ್ಪುಬಿಳುಪು ಟಿವಿ. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ, ದೊಡ್ಡಪ್ಪ ಅಮೆರಿಕದಿಂದ ತಂದುಕೊಟ್ಟಿದ್ದ ಹೀ-ಮ್ಯಾನ್ ಗೊಂಬೆ ಸಿಕ್ಕಿತು. ಕಾಲು ಜೋಲಾಡುತ್ತಿದೆ. ಜೊತೆಗೆ ಅಂಗೈ ಅಗಲದ ಒಂದು ಬಣ್ಣದ ಪುಸ್ತಕ ಇತ್ತು. ಅದರಲ್ಲಿ ಹೀ-ಮ್ಯಾನ್ ಕಾಡಿನ ಬುಡಕಟ್ಟಿನವನು, ಟಿವಿಯಲ್ಲಿ ಕತ್ತಿ ಎತ್ತಿ ಹೀ-ಮ್ಯಾನ್ ಆಗುತ್ತಿದ್ದ ರಾಜಕುಮಾರ ಆಡಂ ಹೆಸರೇ ಇಲ್ಲ. ಗೊಂಬೆಯ ಕತ್ತಿಯೂ ಒಂದು ಬದಿ ಚಪ್ಪಟೆ, ಉದ್ದಕ್ಕೆ ಸೀಳಿದ ಹಾಗಿದೆ. ನನ್ನ ನೆನಪು ತಪ್ಪಾ, ಇಲ್ಲಾ ಇದು ನಕಲಿ ಮಾಲಾ? ಇನ್ನೊಂದು ವಿಷಯ. ಈಗ ಮಗಳ ಜೊತೆ ಕೂತು ಆ ಕಾರ್ಟೂನ್ ನೋಡಿದರೆ ಅದೇ ಓಟ, ಅದೇ ನಗು ಮತ್ತೆ ಮತ್ತೆ ಬರುತ್ತೆ. ಇಂಥ ಸೋಮಾರಿ ಕೆಲಸವನ್ನಾ ನಾವು ಅಷ್ಟು ಇಷ್ಟಪಟ್ಟಿದ್ದು? ಆನ್‌ಲೈನಿನಲ್ಲಿ ಒಬ್ಬರು ಇದರ ‘ಒರಿಜಿನಲ್ ಸೆಲ್’, ಅಂದರೆ ಕಾರ್ಟೂನಿಗೆ ಚಿತ್ರ ಬಿಡಿಸಿದ ಪ್ಲಾಸ್ಟಿಕ್ ಹಾಳೆ, ಮಾರುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ನಿಮ್ಮ ನೆನಪೂ ಸರಿ, ಆ ಪುಸ್ತಕವೂ ಸರಿ. ನೀವು ಬರೆದಿರುವುದರಲ್ಲಿ ನಕಲಿ ಅಂತ ಅನುಮಾನ ಪಡುವಂಥದ್ದು ಏನೂ ಇಲ್ಲ. ಆ ಚಪ್ಪಟೆ ಕತ್ತಿಯಂತೂ ಹಳೇ ಅಸಲಿ ಗೊಂಬೆಗಳ ಒಂದು ಗುರುತು.

ಹೀ-ಮ್ಯಾನ್ ವಿಷಯದಲ್ಲಿ ಒಂದು ಮಾತು ನೆನಪಿಟ್ಟುಕೊಂಡರೆ ನಿಮ್ಮ ಮುಕ್ಕಾಲು ಗೊಂದಲ ಹೋಗುತ್ತದೆ. ಇಲ್ಲಿ ಮೊದಲು ಹುಟ್ಟಿದ್ದು ಕೈಯಿಂದ ಬಿಡಿಸಿದ ಚಿತ್ರ. ಚಿತ್ರ ನೋಡಿ ಗೊಂಬೆ ಮಾಡಿದರು. ಗೊಂಬೆ ಮಾರಲು ಕಥೆ ಬರೆಸಿದರು. ಕಾರ್ಟೂನು ಬಂದಿದ್ದು ಇದೆಲ್ಲ ಆದ ಮೇಲೆ. ಪ್ರತಿ ಹಂತದಲ್ಲೂ ಕಲಾವಿದರು ಬೇರೆ, ಅವರ ಹೀ-ಮ್ಯಾನ್ ಕೂಡ ಬೇರೆ. ನಿಮ್ಮ ಅಟ್ಟದಲ್ಲಿ ಸಿಕ್ಕಿದ್ದು ಟಿವಿಗಿಂತ ಹಿಂದಿನ ಹೀ-ಮ್ಯಾನ್.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1976ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆ ಮಾಡುವ ಅವಕಾಶ ಕ್ಯಾಲಿಫೋರ್ನಿಯಾದ ಮ್ಯಾಟೆಲ್ ಕಂಪನಿಯ ಬಾಗಿಲಿಗೇ ಬಂದಿತ್ತು. ಅವರು ಬೇಡ ಅಂದರು. ಕೆನ್ನರ್ ಎಂಬ ಕಂಪನಿ ಅದನ್ನು ತಗೊಂಡು ಕೋಟಿಗಟ್ಟಲೆ ಗೊಂಬೆ ಮಾರಿತು. ಆಮೇಲೆ ಹುಡುಗರಿಗಾಗಿ ತಮ್ಮದೇ ಒಂದು ಗೊಂಬೆ ಸರಣಿ ಬೇಕು ಅಂತ ಮ್ಯಾಟೆಲ್‌ನಲ್ಲಿ ಹುಡುಕಾಟ ಶುರುವಾಯಿತು. ಅಲ್ಲಿ ಡಿಸೈನರ್ ಆಗಿದ್ದ ಮಾರ್ಕ್ ಟೇಲರ್ ಚಿಕ್ಕಂದಿನಿಂದ ಕಾಡುವೀರರು, ಮೂಳೆಮುಖದ ಮಂತ್ರವಾದಿಗಳು, ತಲೆಬುರುಡೆಯ ಕೋಟೆಗಳನ್ನೇ ಗೀಚುತ್ತಾ ಬಂದವರು. ಅವರ ಸಹೋದ್ಯೋಗಿ ರೋಜರ್ ಸ್ವೀಟ್ ಮಾಡಿದ್ದು ಬೇರೆ ಕೆಲಸ. ಮ್ಯಾಟೆಲ್‌ನದೇ ಹಳೆಯ ಬಿಗ್ ಜಿಮ್ ಗೊಂಬೆಗಳನ್ನು ತಗೊಂಡು, ಅವುಗಳ ಮೈಮೇಲೆ ಜೇಡಿಮಣ್ಣಿನಿಂದ ಮಾಂಸಖಂಡ ಮೆತ್ತಿ, ಮೂರು ಮಾದರಿ ತಯಾರಿಸಿದರು. ಒಬ್ಬ ಕಾಡುವೀರ, ಒಬ್ಬ ಸೈನಿಕ, ಒಬ್ಬ ಅಂತರಿಕ್ಷದವನು. ಮೂವರಿಗೂ ಒಂದೇ ದಪ್ಪ ಮೈಕಟ್ಟು. ಯಾವ ಕಾಲಕ್ಕೆ, ಯಾವ ಲೋಕಕ್ಕೆ ಬೇಕಾದರೂ ಇವನನ್ನು ಹಾಕಬಹುದು ಅನ್ನುವುದು ಅವರ ವಾದ. ಕಂಪನಿಯವರು ಕಾಡುವೀರನನ್ನು ಆರಿಸಿದರು.

ಇಬ್ಬರಲ್ಲಿ ಹೀ-ಮ್ಯಾನ್‌ಗೆ ಅಪ್ಪ ಯಾರು ಅಂತ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಲೆಕ್ಕದಲ್ಲಿ ಆ ಲೋಕ ಟೇಲರ್ ಅವರದು. ತಲೆಬುರುಡೆ ಕೋಟೆ ಕ್ಯಾಸಲ್ ಗ್ರೇಸ್ಕಲ್, ಮೂಳೆಮುಖದ ಖಳನಾಯಕ ಸ್ಕೆಲೆಟರ್, ಅವನ ಕಡೆಯ ಬೀಸ್ಟ್ ಮ್ಯಾನ್, ಹೀ-ಮ್ಯಾನ್ ಕಡೆಯ ವೀರವನಿತೆ ಟೀಲಾ, ಇವರ ಮೊದಲ ಚಿತ್ರಗಳನ್ನು ನೋಡಿದವರಿಗೆ ಅದು ಗೊತ್ತಾಗುತ್ತದೆ. ಆದರೆ ಸ್ವೀಟ್ ಆ ಮಣ್ಣಿನ ಮೂರ್ತಿಗಳನ್ನು ಮೇಜಿನ ಮೇಲೆ ಇಡದೇ ಹೋಗಿದ್ದರೆ ಕಂಪನಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ಸ್ಕೆಲೆಟರ್ ಹುಟ್ಟಿದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಟೇಲರ್ ಚಿಕ್ಕ ಹುಡುಗನಾಗಿದ್ದಾಗ ಲಾಂಗ್ ಬೀಚ್ ಊರಿನ ‘ಪೈಕ್’ ಎಂಬ ಮನರಂಜನಾ ಪಾರ್ಕಿಗೆ ಹೋಗಿದ್ದರು. ಅಲ್ಲಿನ ಭೂತಬಂಗಲೆಯಲ್ಲಿ ನೇತುಹಾಕಿದ್ದ ಒಂದು ಒಣ ಹೆಣ ನೋಡಿ ಬೆಚ್ಚಿಬಿದ್ದರು. ಬೇರೆಲ್ಲ ಬೊಂಬೆ, ಇದು ಮಾತ್ರ ನಿಜ ಅಂತ ಆ ಹುಡುಗನಿಗೆ ಅನ್ನಿಸಿತ್ತು. ಆ ಮುಖವೇ ಮುಂದೆ ಸ್ಕೆಲೆಟರ್ ಆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಇನ್ನು ಆ ಹೆಣದ ಸಂಗತಿ ಕೇಳಿ. 1976ರ ಡಿಸೆಂಬರ್‌ನಲ್ಲಿ ಒಂದು ಟಿವಿ ಧಾರಾವಾಹಿಯ ಶೂಟಿಂಗಿಗೆ ಅಂತ ಅದೇ ಪಾರ್ಕಿಗೆ ಬಂದವರು ಆ ‘ಬೊಂಬೆ’ಯನ್ನು ಪಕ್ಕಕ್ಕೆ ಸರಿಸಲು ಹೋದರು. ಕೈ ಮುರಿದು ಬಂತು. ಒಳಗೆ ನೋಡಿದರೆ ನಿಜವಾದ ಮೂಳೆ! ವಿಚಾರಿಸಿದಾಗ ಅದು ಎಲ್ಮರ್ ಮೆಕರ್ಡಿ ಎಂಬ ದರೋಡೆಕೋರನ ಶವ ಅಂತ ಗೊತ್ತಾಯಿತು. 1911ರಲ್ಲಿ ಓಕ್ಲಹೋಮಾದಲ್ಲಿ ಪೊಲೀಸರ ಗುಂಡಿಗೆ ಸತ್ತವನು. ಕೆಡದಂತೆ ಔಷಧ ಹಾಕಿದ್ದ ಶವ ಜಾತ್ರೆಯಿಂದ ಜಾತ್ರೆಗೆ, ಕೈಯಿಂದ ಕೈಗೆ ಮಾರಾಟವಾಗುತ್ತಾ ಬಂದು, ಕೊನೆಗೆ ಅದು ಮನುಷ್ಯನದು ಅನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು. 1977ರಲ್ಲಿ ಅವನನ್ನು ಓಕ್ಲಹೋಮಾದಲ್ಲಿ ಮಣ್ಣು ಮಾಡಿದರು. ಟೇಲರ್ ನೋಡಿದ್ದು ಇದನ್ನೇ ಆಗಿದ್ದರೆ, ಹುಡುಗನ ಕಣ್ಣು ಸುಳ್ಳು ಹೇಳಿರಲಿಲ್ಲ. ಸ್ಕೆಲೆಟರ್ ಮುಖ ನೋಡಿ ಮಕ್ಕಳು ಇವತ್ತಿಗೂ ಒಂದು ಕ್ಷಣ ಅಮ್ಮನ ಹಿಂದೆ ಸರಿಯುತ್ತಾರಲ್ಲ, ಅದರ ಹಿಂದೆ ಈ ನಿಜವಾದ ಭಯ ಇದೆ ಅಂತ ನಾನು ನಂಬುತ್ತೇನೆ.

1982ರಲ್ಲಿ ಗೊಂಬೆಗಳು ಅಂಗಡಿಗೆ ಬಂದವು. ಎತ್ತರ ಐದೂವರೆ ಇಂಚು. ಮೊದಲ ಕಂತಿನಲ್ಲಿ ಎಂಟು ಜನ: ಹೀ-ಮ್ಯಾನ್, ಸ್ಕೆಲೆಟರ್, ಮ್ಯಾನ್-ಅಟ್-ಆರ್ಮ್ಸ್, ಬೀಸ್ಟ್ ಮ್ಯಾನ್, ಟೀಲಾ, ಮರ್-ಮ್ಯಾನ್, ಸ್ಟ್ರಾಟೋಸ್, ಝೋಡ್ಯಾಕ್. ಅಚ್ಚು ಮಾಡಿಸುವುದು ದುಬಾರಿ ಕೆಲಸ. ಹಾಗಾಗಿ ಒಂದೇ ಅಚ್ಚಿನ ಕೈಕಾಲು, ಎದೆಯನ್ನು ಹಲವರಿಗೆ ಬಳಸಿದರು. ಕಾಡುಪ್ರಾಣಿಯಂಥ ಬೀಸ್ಟ್ ಮ್ಯಾನ್ ಮತ್ತು ಹಕ್ಕಿ ಮನುಷ್ಯ ಸ್ಟ್ರಾಟೋಸ್ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಎದೆಯ ಮೇಲೆ ಇಬ್ಬರಿಗೂ ಒಂದೇ ಥರದ ರೋಮ.

ಹೀ-ಮ್ಯಾನ್ ಸವಾರಿ ಮಾಡುವ ಹುಲಿ ಬ್ಯಾಟಲ್ ಕ್ಯಾಟ್ ಕೂಡ ಹೀಗೇ ಬಂದಿದ್ದು. ಬಿಗ್ ಜಿಮ್ ಸರಣಿಗಾಗಿ ಮಾಡಿದ್ದ ಹುಲಿಯ ಅಚ್ಚು ಗೋಡೌನಿನಲ್ಲಿತ್ತು. ಬಿಗ್ ಜಿಮ್ ಹತ್ತಿಂಚಿನ ಹತ್ತಿರದ ಗೊಂಬೆ. ಅವನ ಹುಲಿಯನ್ನು ಐದೂವರೆ ಇಂಚಿನ ಹೀ-ಮ್ಯಾನ್ ಪಕ್ಕ ಇಟ್ಟರೆ ಕುದುರೆಯಷ್ಟು ದೊಡ್ಡದಾಗಿ ಕಂಡಿತು. ಸರಿ, ಅದರ ಮೇಲೆ ಜೀನು ಹಾಕಿ ಸವಾರಿಗೇ ಕೊಟ್ಟುಬಿಟ್ಟರು. ಹಸಿರು ಬಣ್ಣ ಬಳಿದು ಕಿತ್ತಳೆ ಪಟ್ಟೆ ಎಳೆದರು. ಭಾರತದಲ್ಲಿ ಬಣ್ಣದ ಪ್ರಸಾರ ಶುರುವಾಗಿದ್ದು 1982ರಲ್ಲಿ. ಆದರೆ ಎಷ್ಟೋ ಮನೆಗಳಲ್ಲಿ ಆ ದಶಕ ಪೂರ್ತಿ ಕಪ್ಪುಬಿಳುಪು ಸೆಟ್ಟೇ ಇತ್ತು. ಹಾಗಾಗಿ ನಿಮ್ಮ ವಾರಗೆಯ ತುಂಬಾ ಜನ ಬ್ಯಾಟಲ್ ಕ್ಯಾಟ್ ಹಸಿರು ಅಂತ ಗೊತ್ತಾದಾಗ ನಂಬುವುದಿಲ್ಲ. ಮಾಮೂಲಿ ಹುಲಿ ಅಂದುಕೊಂಡೇ ನೋಡಿದವರು ಅವರು.

ಈಗ ಕತ್ತಿಗೆ ಬರೋಣ. ಮೊದಲ ಕಥೆಯಲ್ಲಿ ಶಕ್ತಿಯ ಕತ್ತಿ ಒಂದೇ, ಆದರೆ ಎರಡು ಸೀಳು. ಒಂದು ಸೀಳು ಹೀ-ಮ್ಯಾನ್ ಗೊಂಬೆಯ ಜೊತೆ ಬರುತ್ತಿತ್ತು, ಇನ್ನೊಂದು ಸ್ಕೆಲೆಟರ್ ಜೊತೆ. ಹೀ-ಮ್ಯಾನ್‌ನದು ಬೂದು ಬಣ್ಣ, ಸ್ಕೆಲೆಟರ್‌ನದು ನೇರಳೆ. ಚಪ್ಪಟೆ ಬದಿಗಳನ್ನು ಎದುರುಬದುರು ಇಟ್ಟು ಒತ್ತಿದರೆ ಕಚ್ಚಿಕೊಂಡು ಪೂರ್ತಿ ಕತ್ತಿ ಆಗುತ್ತದೆ. ಎರಡೂ ಒಂದಾದರೆ ಕ್ಯಾಸಲ್ ಗ್ರೇಸ್ಕಲ್ ಬಾಗಿಲು ತೆರೆಯುತ್ತದೆ ಅನ್ನುವುದು ಕಥೆ. ಕೋಟೆ ಬೇಕಾದರೆ ಎದುರಾಳಿಯ ಕತ್ತಿಯೂ ಬೇಕು. ಒಂದು ಗೊಂಬೆ ಕೊಂಡ ಮಗು ಇನ್ನೊಂದನ್ನೂ ಕೇಳಲೇಬೇಕು! ವ್ಯಾಪಾರದ ಬುದ್ಧಿ ನಿಜ. ಆದರೆ ಕಥೆಯಾಗಿಯೂ ಅದು ನನಗೆ ತುಂಬಾ ಇಷ್ಟ. ಒಳ್ಳೆಯವನ ಕೈಯಲ್ಲೂ ಅರ್ಧ, ಕೆಟ್ಟವನ ಕೈಯಲ್ಲೂ ಅರ್ಧ. ಟಿವಿಗೆ ಬರುವಾಗ ಇದನ್ನು ಕೈಬಿಟ್ಟರು. ಕಾರ್ಟೂನಿನಲ್ಲಿ ನೀವು ನೋಡಿದ್ದು ಇಡೀ ಕತ್ತಿ, ಅದರ ಆಕಾರವೂ ಬೇರೆ.

ಆ ಅಂಗೈ ಅಗಲದ ಪುಸ್ತಕಕ್ಕೆ ಸಂಗ್ರಾಹಕರು ‘ಮಿನಿ ಕಾಮಿಕ್’ ಅನ್ನುತ್ತಾರೆ. ಗೊಂಬೆಯ ಪ್ಯಾಕೆಟ್ಟಿನೊಳಗೇ ಇಟ್ಟು ಕೊಡುತ್ತಿದ್ದರು. ನಿಮ್ಮದರಲ್ಲಿ ಪುಟಕ್ಕೆ ಒಂದೇ ದೊಡ್ಡ ಚಿತ್ರ, ಕೆಳಗೆ ನಾಲ್ಕಾರು ಸಾಲು ಬರಹ ಇದೆಯಾ ನೋಡಿ. ಹಾಗಿದ್ದರೆ ಅದು 1982ರ ಮೊದಲ ನಾಲ್ಕು ಪುಸ್ತಕಗಳಲ್ಲಿ ಒಂದು. ಚೌಕಚೌಕವಾಗಿ ಕಾಮಿಕ್ಸ್ ಥರ ಇದ್ದರೆ ಆಮೇಲಿನದು. ನೀವು ಬರೆದಿರುವ ಕಥೆ ನೋಡಿದರೆ ಮೊದಲ ನಾಲ್ಕರಲ್ಲಿ ಒಂದೇ ಇರಬೇಕು. ಆ ನಾಲ್ಕರ ಬರಹ ಡೊನಾಲ್ಡ್ ಗ್ಲುಟ್ ಅವರದು, ಚಿತ್ರ ಆಲ್‌ಫ್ರೆಡೊ ಅಲ್ಕಾಲಾ ಅವರದು.

ಅಲ್ಕಾಲಾ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಫಿಲಿಪ್ಪೀನ್ಸ್‌ನವರು, 1925ರಲ್ಲಿ ಹುಟ್ಟಿದವರು. ಯಾವ ಕಲಾಶಾಲೆಗೂ ಹೋಗದೆ ತಾವಾಗಿ ಕಲಿತವರು. ತಮ್ಮ ದೇಶದಲ್ಲಿ ದೊಡ್ಡ ಹೆಸರು ಮಾಡಿ, ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಕಾನನ್ ಎಂಬ ಕಾಡುವೀರನ ಕಾಮಿಕ್ಸ್‌ಗೆ ಶಾಯಿ ಕೆಲಸ ಮಾಡುತ್ತಿದ್ದರು. ಅದೇ ಕೈ ಹೀ-ಮ್ಯಾನ್ ಬಿಡಿಸಿದ್ದು. ಪುಸ್ತಕವನ್ನು ಕಿಟಕಿ ಹತ್ತಿರ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ಬಂಡೆಯ ಮೇಲೆ, ತೋಳಿನ ನರಗಳ ಮೇಲೆ, ಮರದ ತೊಗಟೆಯ ಮೇಲೆ ಕೂದಲೆಳೆಯಂಥ ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ. ನೆರಳು ಬೇಕಾದ ಕಡೆ ಕಪ್ಪು ಬಳಿದು ಮುಗಿಸಿಲ್ಲ, ಗೆರೆ ಕೂಡಿಸಿ ಕೂಡಿಸಿ ನೆರಳು ತಂದಿದ್ದಾರೆ. ಗೊಂಬೆಯ ಜೊತೆ ಪುಕ್ಕಟೆ ಕೊಡುವ, ಮಗು ಎರಡು ದಿನದಲ್ಲಿ ಹರಿದು ಹಾಕುವ ಪುಸ್ತಕಕ್ಕೆ ಇಷ್ಟು ಶ್ರಮ! ಈ ಇಡೀ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕಲೆ ಇದೇ. ಕಾರ್ಟೂನು ಅಲ್ಲ, ಬಾಕ್ಸ್ ಚಿತ್ರಗಳೂ ಅಲ್ಲ.

ಹಾಗಂತ ಬಾಕ್ಸ್ ಚಿತ್ರಗಳು ಕಮ್ಮಿ ಅಂತಲ್ಲ. ಮೊದಮೊದಲ ದೊಡ್ಡ ಪೆಟ್ಟಿಗೆಗಳಿಗೆ, ಕ್ಯಾಸಲ್ ಗ್ರೇಸ್ಕಲ್ ಮತ್ತು ಬ್ಯಾಟಲ್ ಕ್ಯಾಟ್ ಸೇರಿ, ಚಿತ್ರ ಬರೆದವರು ರೂಡಿ ಒಬ್ರೆರೊ. ಆಮೇಲೆ ವಿಲಿಯಂ ಜಾರ್ಜ್ ಬಂದರು. ಪೋಸ್ಟರುಗಳಿಗೆ ಅರ್ಲ್ ನೋರೆಂ. ಇವರು ಬರೆದ ಹೀ-ಮ್ಯಾನ್ ಮುಖದಲ್ಲಿ ನಗು ಕಾಣುವುದೇ ಅಪರೂಪ. ಅವನು ಯುದ್ಧದ ಮಧ್ಯೆ ಇರುತ್ತಾನೆ. ಟಿವಿಯ ಹೀ-ಮ್ಯಾನ್ ಕೊನೆಗೆ ಸೊಂಟದ ಮೇಲೆ ಕೈ ಇಟ್ಟು ನಗುತ್ತಾನಲ್ಲ, ಅವನ ಪರಿಚಯ ಇವರಿಗೆ ಇರಲೇ ಇಲ್ಲ.

ಕಾನನ್ ಹೆಸರು ಬಂತಲ್ಲ, ಒಂದು ಗಾಳಿಸುದ್ದಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ‘ಕಾನನ್ ಸಿನಿಮಾಕ್ಕೆ ಅಂತ ಮಾಡಿದ ಗೊಂಬೆಗೇ ಹೊಂಬಣ್ಣದ ಕೂದಲು ಅಂಟಿಸಿ ಹೀ-ಮ್ಯಾನ್ ಮಾಡಿದರು’ ಅಂತ ತುಂಬಾ ಕಡೆ ಓದುತ್ತೀರಿ. ಮ್ಯಾಟೆಲ್ ಆ ಸಿನಿಮಾದ ಗೊಂಬೆಗಳ ಹಕ್ಕು ತಗೊಂಡು ಆಮೇಲೆ ಬಿಟ್ಟಿದ್ದು ನಿಜ. ಕಾನನ್ ಹಕ್ಕುದಾರರು ಕೋರ್ಟಿಗೆ ಹೋಗಿದ್ದೂ ನಿಜ. ಆದರೆ ಅವರು ಗೆಲ್ಲಲಿಲ್ಲ. ಟೇಲರ್ ಅವರ ಚಿತ್ರಗಳು ಅದಕ್ಕಿಂತ ಹಿಂದಿನವು.

ರಾಜಕುಮಾರ ಆಡಂ ಮೊದಲು ಕಾಣಿಸಿಕೊಂಡಿದ್ದು 1982ರಲ್ಲಿ, ಡಿಸಿ ಕಾಮಿಕ್ಸ್‌ನಲ್ಲಿ. ಅಲ್ಲಿ ಹೀ-ಮ್ಯಾನ್‌ಗೆ ಸೂಪರ್‌ಮ್ಯಾನ್ ಜೊತೆಗೇ ಮುಖಾಮುಖಿ ಆಗುತ್ತದೆ. ಕಾಡಿನ ಬುಡಕಟ್ಟು ಹೋಗಿ ಅರಮನೆ ಬಂತು. ಮುಂದಿನ ವರ್ಷ ಟಿವಿ ಕಾರ್ಟೂನ್ ಮಾಡಿದ ಫಿಲ್ಮೇಷನ್ ಸ್ಟುಡಿಯೋ ಅದನ್ನು ಬೆಳೆಸಿತು. ರಾಜ ರ‍್ಯಾಂಡರ್, ಭೂಮಿಯಿಂದ ಬಂದ ಗಗನಯಾತ್ರಿ ರಾಣಿ ಮಾರ್ಲೀನಾ, ಬ್ಯಾಟಲ್ ಕ್ಯಾಟ್ ಆಗುವ ಹೆದರುಪುಕ್ಕಲ ಹುಲಿ ಕ್ರಿಂಜರ್, ತುಂಟ ಮಾಂತ್ರಿಕ ಓರ್ಕೋ. ನೀವು ಪ್ರೀತಿಸಿದ ಕುಟುಂಬ ಇದೇ ಅಲ್ವಾ?

ಈಗ ನಿಮ್ಮ ‘ಸೋಮಾರಿ ಕೆಲಸ’ದ ಪ್ರಶ್ನೆ. ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

ಒಂದು ಕಂತು ಸುಮಾರು 22 ನಿಮಿಷ. ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಗುಣಿಸಿದರೆ 31,680 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಹದಿನಾರು ಸಾವಿರದ ಹತ್ತಿರ ಚಿತ್ರ ಬೇಕು. ಹೀ-ಮ್ಯಾನ್ ವಾರಕ್ಕೊಂದು ಸಲ ಬರುವ ಕಾರ್ಟೂನ್ ಅಲ್ಲ. ಅಮೆರಿಕದಲ್ಲಿ 1983ರ ಸೆಪ್ಟೆಂಬರ್‌ನಿಂದ ಸೋಮವಾರದಿಂದ ಶುಕ್ರವಾರ ದಿನಾ ಬರುತ್ತಿತ್ತು. ಮೊದಲ ಸೀಸನ್‌ಗೆ 65 ಕಂತು, ಎರಡನೆಯದಕ್ಕೆ ಇನ್ನೂ 65. ಒಂದು ಸೀಸನ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರೆ ಹತ್ತು ಲಕ್ಷ ಚಿತ್ರ ದಾಟುತ್ತದೆ. ಕಂಪ್ಯೂಟರ್ ಇಲ್ಲ. ಎಲ್ಲವೂ ಪೆನ್ಸಿಲು, ಬ್ರಷ್ಷು.

ಬೇರೆ ಸ್ಟುಡಿಯೋಗಳು ಆಗ ಇದಕ್ಕೊಂದು ದಾರಿ ಕಂಡುಕೊಂಡಿದ್ದವು. ಚಿತ್ರ ಬಿಡಿಸುವ ಕೆಲಸವನ್ನು ಜಪಾನ್, ಕೊರಿಯಾ, ತೈವಾನ್‌ಗೆ ಕಳಿಸಿ ಕಮ್ಮಿ ಖರ್ಚಿನಲ್ಲಿ ಮಾಡಿಸುತ್ತಿದ್ದವು. ಫಿಲ್ಮೇಷನ್ ಮುಖ್ಯಸ್ಥ ಲೂ ಶೈಮರ್ ಹಾಗೆ ಮಾಡಲಿಲ್ಲ. ಲಾಸ್ ಏಂಜಲೀಸ್‌ನ ತಮ್ಮ ಕಲಾವಿದರಿಗೇ ಕೆಲಸ ಇರಬೇಕು ಅಂತ ಹೀ-ಮ್ಯಾನ್ ಕೆಲಸವನ್ನು ಅಲ್ಲೇ ಇಟ್ಟುಕೊಂಡರು. ಅದಕ್ಕೆ ಕೊಟ್ಟ ಬೆಲೆಯೇ ನೀವು ನೋಡುವ ಆ ಮತ್ತೆ ಮತ್ತೆ ಬರುವ ಓಟ.

ಆ ಓಟ ಹೇಗೆ ತಯಾರಾಯಿತು ಅಂತ ತಿಳಿದರೆ ಅದರ ಮೇಲೆ ಗೌರವ ಬರುತ್ತದೆ. ನಿಜವಾದ ನಟನನ್ನು ಓಡಿಸಿ, ಜಿಗಿಸಿ, ಫಿಲ್ಮ್ ಮಾಡಿಕೊಂಡು, ಆ ಫಿಲ್ಮಿನ ಒಂದೊಂದು ಫ್ರೇಮನ್ನೂ ಕಾಗದದ ಮೇಲೆ ಎಳೆದುಕೊಳ್ಳುತ್ತಿದ್ದರು. ಇದಕ್ಕೆ ರೋಟೋಸ್ಕೋಪ್ ಅಂತ ಹೆಸರು. ಮ್ಯಾಕ್ಸ್ ಫ್ಲೈಷರ್ ಎಂಬುವರು ಕಂಡುಹಿಡಿದು 1917ರಲ್ಲಿ ಪೇಟೆಂಟ್ ಪಡೆದ ವಿಧಾನ. ಫಿಲ್ಮೇಷನ್ ತನ್ನ 1976ರ ಟಾರ್ಜನ್ ಕಾರ್ಟೂನಿನಲ್ಲೇ ಇದನ್ನು ಚೆನ್ನಾಗಿ ಪಳಗಿಸಿಕೊಂಡಿತ್ತು. ಹಾಗಾಗಿ ಹೀ-ಮ್ಯಾನ್ ಓಡುವಾಗ ನಿಜವಾಗಿ ಭಾರ ಇರುವ ಮನುಷ್ಯ ಓಡಿದಂತೆ ಕಾಣುತ್ತದೆ. ಇಷ್ಟು ಚೆನ್ನಾಗಿ ಬಂದ ಓಟವನ್ನು ಜೋಪಾನವಾಗಿ ತೆಗೆದಿಟ್ಟು, ಹಿನ್ನೆಲೆ ಬದಲಿಸಿ ಮತ್ತೆ ಬಳಸುತ್ತಿದ್ದರು. ಉಳಿದ ಸಮಯ, ದುಡ್ಡು ಬೇರೆ ಕಡೆಗೆ. ನೀವು ತೀರ್ಥಹಳ್ಳಿಯವರು, ಯಕ್ಷಗಾನ ನೋಡಿರುತ್ತೀರಿ. ಒಡ್ಡೋಲಗದ ಕುಣಿತ ಪ್ರತಿ ಸಲ ಅದೇ ಇದ್ದರೂ ಯಾರೂ ಸೋಮಾರಿತನ ಅನ್ನುವುದಿಲ್ಲ. ಕುಣಿತ ಶುರುವಾದ ಕೂಡಲೇ ಮೈ ನೆಟ್ಟಗಾಗುತ್ತದೆ. ಆಡಂ ಕತ್ತಿ ಎತ್ತಿ ಹಿಡಿದು ಹೀ-ಮ್ಯಾನ್ ಆಗುವ ದೃಶ್ಯಕ್ಕೆ ಮಕ್ಕಳು ಕಾಯುತ್ತಿದ್ದದ್ದೂ ಹಾಗೇ.

ಆ ಉಳಿಸಿದ ಸಮಯ ಎಲ್ಲಿ ಹೋಯಿತು ಅಂತ ನೋಡಬೇಕಾದರೆ ಈ ಸಲ ಮಗಳ ಜೊತೆ ಕೂತಾಗ ಪಾತ್ರಗಳನ್ನು ಬಿಟ್ಟು ಹಿಂದಿನ ಚಿತ್ರ ನೋಡಿ. ಎಲ್ಲಾದರೂ ಪಾಸ್ ಮಾಡಿ. ಹೀ-ಮ್ಯಾನ್ ಇರುವ ಲೋಕ ಎಟರ್ನಿಯಾದ ಆಕಾಶ, ನೇರಳೆ ಬೆಟ್ಟಗಳು, ತಿರುಚಿಕೊಂಡ ಮರಗಳು, ಪಾತಾಳದ ಮೇಲೆ ನಿಂತ ಗ್ರೇಸ್ಕಲ್. ಕೈಯಿಂದ ಬಳಿದ, ಏರ್‌ಬ್ರಷ್‌ನಿಂದ ಮಬ್ಬು ತಂದ ಚಿತ್ರಗಳು ಅವು. ಪಾತ್ರಗಳಿಗೆ ಗೆರೆ ಕಮ್ಮಿ, ಬಣ್ಣ ಕಮ್ಮಿ, ಯಾಕೆಂದರೆ ಅವನ್ನು ಸಾವಿರಾರು ಸಲ ಬರೆಯಬೇಕು. ಹಿನ್ನೆಲೆ ಹಾಗಲ್ಲ. ಒಂದೇ ಸಲ ಬರೆದರೆ ಆಯಿತು, ಅದಕ್ಕೇ ಅಲ್ಲಿ ಮನಸಾರೆ ಕೆಲಸ ಮಾಡಿದ್ದಾರೆ. ಕಪ್ಪುಬಿಳುಪು ಟಿವಿಯಲ್ಲಿ ನಿಮಗೆ ದಕ್ಕದೇ ಹೋಗಿದ್ದು ಮುಖ್ಯವಾಗಿ ಇದೇ.

ಸಮಯ ಉಳಿಸುವ ಜಾಣತನ ಸಣ್ಣಪುಟ್ಟದರಲ್ಲೂ ಇತ್ತು. ಓರ್ಕೋ ಗೊಂಬೆಯಿಂದ ಬಂದವನಲ್ಲ, ಫಿಲ್ಮೇಷನ್ ಸೃಷ್ಟಿ. ಮೊದಲು ಅವನಿಗೆ ಗೋರ್ಪೋ ಅಂತ ಹೆಸರಿಟ್ಟಿದ್ದರು. ಎದೆಯ ಮೇಲೆ ಇಂಗ್ಲಿಷಿನ ‘ಜಿ’ ಅಕ್ಷರ. ಚಿತ್ರವನ್ನು ಎಡಬಲ ತಿರುಗಿಸಿ ಬಳಸಿದರೆ ‘ಜಿ’ ಉಲ್ಟಾ ಕಾಣುತ್ತದೆ. ‘ಓ’ ಹೇಗೆ ತಿರುಗಿಸಿದರೂ ಓ. ಹಾಗಾಗಿ ಹುಡುಗನ ಹೆಸರೇ ಬದಲಾಯಿತು. ಆಡಂ ಮತ್ತು ಹೀ-ಮ್ಯಾನ್ ಮುಖ ಒಂದೇ ಥರ ಇರುವುದಕ್ಕೂ ಇಂಥದ್ದೇ ಅನುಕೂಲದ ಲೆಕ್ಕ. ಬಟ್ಟೆ ಬೇರೆ, ಮೈಬಣ್ಣ ಸ್ವಲ್ಪ ಬೇರೆ, ಅಷ್ಟೇ. ಪಕ್ಕದಲ್ಲೇ ಇರುವ ಟೀಲಾಗೆ ಇದು ಯಾಕೆ ಗೊತ್ತಾಗಲಿಲ್ಲ ಅಂತ ನಿಮ್ಮ ಮಗಳು ಕೇಳಿರಬೇಕು. ಎಲ್ಲ ಮಕ್ಕಳೂ ಕೇಳುತ್ತಾರೆ!

ಧ್ವನಿಯಲ್ಲೂ ಅಷ್ಟೇ. ಅಲನ್ ಓಪನ್‌ಹೈಮರ್ ಒಬ್ಬರೇ ಸ್ಕೆಲೆಟರ್, ಮ್ಯಾನ್-ಅಟ್-ಆರ್ಮ್ಸ್, ಕ್ರಿಂಜರ್, ಬ್ಯಾಟಲ್ ಕ್ಯಾಟ್ ಆಗಿ ಮಾತಾಡಿದ್ದಾರೆ. ಲಿಂಡಾ ಗ್ಯಾರಿ ಟೀಲಾ, ಸಾರ್ಸರೆಸ್, ಈವಿಲ್-ಲಿನ್ ಮೂವರೂ. ಓರ್ಕೋ ಮತ್ತು ರಾಜ ರ‍್ಯಾಂಡರ್ ಸ್ವತಃ ಲೂ ಶೈಮರ್. ಟೈಟಲ್ಲಿನಲ್ಲಿ ಹೆಸರು ಮಾತ್ರ ‘ಎರಿಕ್ ಗುಂಡನ್’ ಅಂತ ಬರುತ್ತದೆ. ಹೀ-ಮ್ಯಾನ್ ಧ್ವನಿ ಜಾನ್ ಅರ್ವಿನ್ ಅವರದು.

ಕಂತಿನ ಕೊನೆಯ ನೀತಿಮಾತು ನೆನಪಿದೆಯಾ? ಅದರ ಹಿಂದೆಯೂ ಕಾರಣ ಇದೆ. ಆಟಿಕೆ ಮಾರಲೆಂದೇ ಕಾರ್ಟೂನ್ ಮಾಡುತ್ತಾರೆ ಅಂತ ಅಮೆರಿಕದ ಪೋಷಕರ ಸಂಘಟನೆಗಳು ಜೋರಾಗಿ ವಿರೋಧ ಮಾಡಿದ್ದವು. ಅದು ಸುಳ್ಳು ಆರೋಪವೂ ಆಗಿರಲಿಲ್ಲ. ಫಿಲ್ಮೇಷನ್‌ಗೆ ಮಕ್ಕಳ ಕಾರ್ಯಕ್ರಮದಲ್ಲಿ ನೀತಿಮಾತು ಹೇಳುವ ರೂಢಿ ಮೊದಲೇ ಇತ್ತು, ಇಲ್ಲಿ ಅದನ್ನು ಇನ್ನೂ ಗಟ್ಟಿ ಮಾಡಿತು. ಗಮನಿಸಿ ನೋಡಿ, ಅಷ್ಟು ದೊಡ್ಡ ಕತ್ತಿ ಇಟ್ಟುಕೊಂಡೂ ಹೀ-ಮ್ಯಾನ್ ಜೀವ ಇರುವ ಯಾರನ್ನೂ ಕಡಿಯುವುದಿಲ್ಲ. ಎತ್ತಿ ಕೆಸರಿಗೆ ಎಸೆಯುತ್ತಾನೆ, ಬಂಡೆ ಉರುಳಿಸಿ ದಾರಿ ಮುಚ್ಚುತ್ತಾನೆ. 1985ರಲ್ಲಿ ಅವನ ಅವಳಿ ತಂಗಿ ಶೀ-ರಾ ಕಾರ್ಟೂನ್ ಬಂತು, 93 ಕಂತು. ಅದರಲ್ಲಿ ಲೂ-ಕೀ ಎಂಬ ಪುಟ್ಟ ಜೀವಿ ಕಂತಿನಲ್ಲಿ ಎಲ್ಲೋ ಒಂದು ಕಡೆ ಬಚ್ಚಿಟ್ಟುಕೊಂಡಿರುತ್ತದೆ. ಕೊನೆಯಲ್ಲಿ ಬಂದು ‘ನನ್ನನ್ನು ಕಂಡಿರಾ?’ ಅಂತ ಕೇಳುತ್ತದೆ. ಮಗಳಿಗೆ ತೋರಿಸಿ, ಒಳ್ಳೆ ಆಟ.

1989ರ ಆರಂಭದಲ್ಲಿ ಫಿಲ್ಮೇಷನ್ ಮುಚ್ಚಿತು. ಅಲ್ಲಿನ ಸೆಲ್‌ಗಳು ಈಗ ಸಂಗ್ರಾಹಕರ ನಡುವೆ ಓಡಾಡುತ್ತಿವೆ. ಹಾಗಾಗಿ ನಿಮಗೆ ತೋರಿಸಿದ ಸೆಲ್ ಅಸಲಿಯೇ ಆಗಿರಬಹುದು. ದುಡ್ಡು ಕೊಡುವ ಮೊದಲು ಕೆಲವನ್ನು ನೋಡಿಕೊಳ್ಳಿ.

ಸೆಲ್ ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗೆರೆ ಮುಂಭಾಗದಲ್ಲಿ, ಜೆರಾಕ್ಸ್ ವಿಧಾನದಿಂದ ಬಂದದ್ದು. ಬಣ್ಣ ಹಿಂಭಾಗದಲ್ಲಿ, ಕೈಯಿಂದ ತುಂಬಿದ್ದು. ಹಿಂಬದಿಯ ಫೋಟೋ ಕಳಿಸಲು ಹೇಳಿ. ಬಣ್ಣ ದಪ್ಪಗೆ, ಅಂಚಿನಲ್ಲಿ ಸ್ವಲ್ಪ ಮೇಲೆ ಕೆಳಗೆ ಆಗಿ, ಬ್ರಷ್ಷಿನ ಗುರುತು ಕಂಡರೆ ಒಳ್ಳೇದು. ಎಲ್ಲೆಡೆ ಒಂದೇ ಸಮ ನಯವಾಗಿದ್ದರೆ ಅದು ಮಾರಾಟಕ್ಕಂತಲೇ ಸ್ಕ್ರೀನ್ ಪ್ರಿಂಟ್ ಮಾಡಿದ್ದಿರಬಹುದು. ಅದಕ್ಕೆ ಸೆರಿಸೆಲ್ ಅನ್ನುತ್ತಾರೆ, ಕ್ಯಾಮೆರಾ ಕೆಳಗೆ ಯಾವತ್ತೂ ಹೋಗಿರುವುದಿಲ್ಲ. ಗೋಡೆಗೆ ಹಾಕಲು ತೊಂದರೆಯಿಲ್ಲ, ಆದರೆ ಅಸಲಿ ಸೆಲ್ಲಿನ ಬೆಲೆ ಕೊಡಬೇಡಿ. ಹಾಳೆಯ ಒಂದು ಅಂಚಿನಲ್ಲಿ ಸಾಲಾಗಿ ತೂತುಗಳು ಇರಬೇಕು, ನಡುವೆ ದುಂಡನೆಯದು, ಎರಡು ಪಕ್ಕ ಉದ್ದನೆಯವು. ಕ್ಯಾಮೆರಾ ಕೆಳಗೆ ಹಾಳೆ ಅಲ್ಲಾಡದಂತೆ ಗೂಟಕ್ಕೆ ಸಿಕ್ಕಿಸಲು ಇದ್ದದ್ದು. ಮೂಲೆಯಲ್ಲಿ ಕೈಬರಹದ ನಂಬರ್ ಇರುತ್ತದೆ. ಫ್ರೇಮ್ ಹಾಕುವಾಗ ಕೆಲವರು ಆ ಅಂಚನ್ನು ಕತ್ತರಿಸಿಬಿಡುತ್ತಾರೆ. ಹಾಗಾಗಿ ತೂತು ಇಲ್ಲದ ಕೂಡಲೇ ನಕಲಿ ಅನ್ನಬೇಡಿ, ಆದರೆ ಬೆಲೆ ಇಳಿಸಿ ಕೇಳಿ.

ಹಿನ್ನೆಲೆ ಚಿತ್ರದ ಬಗ್ಗೆ ಬಿಡಿಸಿ ಕೇಳಿ. ‘ಹಿನ್ನೆಲೆ ಸಹಿತ’ ಅಂತ ಬರೆದಿರುತ್ತಾರೆ, ನೋಡಿದರೆ ಅದು ಬಣ್ಣದ ಪ್ರಿಂಟ್. ಕೈಯಿಂದ ಬಳಿದ ಮೂಲ ಹಿನ್ನೆಲೆ, ಅದೂ ಅದೇ ದೃಶ್ಯದ್ದು, ಸಿಗುವುದು ಅಪರೂಪ. ಇದ್ದರೆ ಬೆಲೆ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಅದು ನ್ಯಾಯವೂ ಹೌದು. ದುಡ್ಡು ಕಮ್ಮಿ ಇದ್ದರೆ ನನ್ನ ಸಲಹೆ ಬೇರೆ. ಸೆಲ್ ಬದಲು ಆನಿಮೇಟರ್‌ನ ಪೆನ್ಸಿಲ್ ಚಿತ್ರ ಕೊಳ್ಳಿ. ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತದೆ, ಕಲಾವಿದರ ಕೈ ನೇರವಾಗಿ ಕಾಣುವುದೂ ಅಲ್ಲೇ.

ಮಲೆನಾಡಿನಲ್ಲಿ ಸೆಲ್ ಇಟ್ಟುಕೊಳ್ಳುವುದು ಸುಲಭ ಅಲ್ಲ, ಅದನ್ನೂ ಯೋಚಿಸಿ. ಮಳೆಗಾಲದ ತೇವಕ್ಕೆ ಬಣ್ಣ ಹಿಂದಿನ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಎಳೆದರೆ ಪದರವೇ ಕಿತ್ತು ಬರುತ್ತದೆ. ಆ ಪ್ಲಾಸ್ಟಿಕ್ ಹಾಳಾಗತೊಡಗಿದರೆ ವಿನೆಗರ್ ಥರ ಹುಳಿ ವಾಸನೆ ಬರುತ್ತದೆ. ಕೊಳ್ಳುವ ಮೊದಲೇ ಮೂಸಿ ನೋಡಲು ಸಾಧ್ಯವಾದರೆ ನೋಡಿ. ಗಾಳಿಯಾಡದ ಪ್ಲಾಸ್ಟಿಕ್ ಕವರ್ ಬೇಡ, ಬಿಸಿಲು ಬೀಳುವ ಗೋಡೆಯಂತೂ ಬೇಡವೇ ಬೇಡ.

ನಿಮ್ಮ ಗೊಂಬೆಗೂ ಸ್ವಲ್ಪ ಉಪಚಾರ ಬೇಕು. ಬೆನ್ನಿನ ಮೇಲೆ ಮ್ಯಾಟೆಲ್ ಹೆಸರು, 1981 ಅಂತ ಇಸವಿ ಕಂಡರೆ ಗಾಬರಿ ಬೇಡ. ಅದು ಹಕ್ಕಿನ ವರ್ಷ, ತಯಾರಾದ ವರ್ಷ ಅಲ್ಲ. ನಮ್ಮ ದೇಶದಲ್ಲೂ ಲಿಯೋ ಹೆಸರಿನಲ್ಲಿ ಲೈಸೆನ್ಸ್ ಪಡೆದು ಹೀ-ಮ್ಯಾನ್ ಗೊಂಬೆಗಳನ್ನು ಮಾಡಿ ಮಾರಿದ್ದರು. ಅವುಗಳಲ್ಲಿ ಕೆಲವು ಬಣ್ಣ ಅಮೆರಿಕದ್ದಕ್ಕಿಂತ ಬೇರೆ ಇರುತ್ತವೆ, ಅದಕ್ಕೇ ಈಗ ಹೊರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ, ಅಣ್ಣತಮ್ಮಂದಿರ ಮನೆಯಲ್ಲಿ ಅಂಥದ್ದು ಉಳಿದಿದೆಯಾ ಕೇಳಿ ನೋಡಿ. ಕಾಲು ಜೋಲಾಡುವುದಕ್ಕೆ ಕಾರಣ ಒಳಗಿನ ರಬ್ಬರ್. ಎರಡೂ ಕಾಲನ್ನು ಸೊಂಟಕ್ಕೆ ಹಿಡಿದಿಡುವುದು ಅದೇ. ಇಷ್ಟು ವರ್ಷಕ್ಕೆ ಅದು ಸಡಿಲವಾಗಿರುತ್ತದೆ ಅಥವಾ ಒಣಗಿ ಬಿರಿದಿರುತ್ತದೆ. ಕಾಲನ್ನು ಜಗ್ಗಬೇಡಿ. ಸೊಂಟ ತಿರುಗಿಸಿ ಬಿಟ್ಟರೆ ಪಟ್ಟನೆ ವಾಪಸ್ ಬಂದು ಗುದ್ದುವ ಸ್ಪ್ರಿಂಗ್ ಇನ್ನೂ ಕೆಲಸ ಮಾಡುತ್ತಿದ್ದರೆ, ಮಗಳಿಗೆ ಒಂದೆರಡು ಸಲ ತೋರಿಸಿ ನಿಲ್ಲಿಸಿ.

ಪುಸ್ತಕವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅದರ ಬೆನ್ನಿನ ಪಿನ್ನುಗಳು ತುಕ್ಕು ಹಿಡಿದಿವೆಯಾ ನೋಡಿ. ಹಿಡಿದಿದ್ದರೆ ಪುಟಗಳನ್ನು ಪೂರ್ತಿ ಅಗಲಿಸಬೇಡಿ. ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಮಗಳು ಅದರಲ್ಲೇ ಓದಲಿ. ಪುಸ್ತಕವನ್ನು ಆಮ್ಲ ಇಲ್ಲದ ಕಾಗದದ ಮಧ್ಯೆ ಇಟ್ಟು ಡಬ್ಬಿಗೆ ಹಾಕಿ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮತ್ತೆ ಅಟ್ಟಕ್ಕೆ ಮಾತ್ರ ಕಳಿಸಬೇಡಿ. ಮನೆಯಲ್ಲಿ ಎಲ್ಲಿ ತೇವ ಕಮ್ಮಿಯೋ ಅಲ್ಲಿಡಿ.